ರೈಲಿನಿಂದ ಹಡಗಿಗೆ: ವೀಮ್ಸ್ ಬೇ ನಿಲ್ದಾಣ ಬಾಗಿರುವುದೇಕೆ?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿರುವ ವೀಮ್ಸ್ ಬೇ ಎಂಬ ಪುಟ್ಟ ಊರಿನ ರೈಲು ನಿಲ್ದಾಣದಲ್ಲಿ ನೇರವಾದ ಗೆರೆಯೊಂದನ್ನು ಹುಡುಕುವುದು ಕಷ್ಟ. ಪ್ಲಾಟ್‌ಫಾರಂ ಬಾಗಿದೆ, ಅದರ ಮೇಲಿನ ಸೂರೂ ಅದರ ಜೊತೆಗೇ ಬಾಗಿದೆ. ಟಿಕೆಟ್ ಕೊಡುವ ಕೋಣೆ ದುಂಡಗಿದೆ, ಅದನ್ನು ಸುತ್ತುವರಿದ ಹಜಾರವೂ ದುಂಡಗಿದೆ. ಹಜಾರದಿಂದ ಕಡಲಿನ ಕಡೆಗೆ ಹೋಗುವ ಅಗಲವಾದ ಹಾದಿ ಕೂಡ ಬಾಗುತ್ತಲೇ ಇಳಿಯುತ್ತದೆ. ಇಷ್ಟೆಲ್ಲದರ ಮೇಲೆ ಉಕ್ಕು ಮತ್ತು ಗಾಜಿನ ಚಾವಣಿಯೊಂದು ಹರಡಿಕೊಂಡಿದ್ದು, ಬಿಸಿಲಿರುವ ದಿನ ನೆಲದ ತುಂಬ ಅದರ ನೆರಳಿನ ಬಲೆ ಬೀಳುತ್ತದೆ. ಬ್ರಿಟನ್ನಿನ ಚೆಲುವಾದ ನಿಲ್ದಾಣಗಳ ಮಾತು ಬಂದಾಗಲೆಲ್ಲ ಇದರ ಹೆಸರು ಬಂದೇ ಬರುತ್ತದೆ. ಆದರೆ ಈ ಬಾಗು ಕೇವಲ ಚೆಂದಕ್ಕಾಗಿ ಹುಟ್ಟಿದ್ದಲ್ಲ. ರೈಲಿನಿಂದ ಇಳಿದ ನೂರಾರು ಜನರನ್ನು, ಅವರ ಮಕ್ಕಳುಮರಿ ಮತ್ತು ಗಂಟುಮೂಟೆಗಳ ಸಮೇತ, ಕೆಲವೇ ನಿಮಿಷಗಳಲ್ಲಿ ಹಡಗು ಹತ್ತಿಸುವುದು ಹೇಗೆ ಎಂಬ ಪ್ರಶ್ನೆಗೆ ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಸಿಕ್ಕ ಉತ್ತರ ಈ ಕಟ್ಟಡ. ಆ ಪ್ರಶ್ನೆ ಹುಟ್ಟಿದ ಬಗೆ ತಿಳಿದರೆ ನಿಲ್ದಾಣದ ಒಂದೊಂದು ಬಾಗಿಗೂ ಕಾರಣ ಸಿಗುತ್ತದೆ.

ಮೊದಲು ಭೂಪಟವನ್ನು ಸ್ವಲ್ಪ ಗಮನಿಸಬೇಕು. ಗ್ಲಾಸ್ಗೋ ನಗರದ ನಡುವೆ ಹರಿಯುವ ಕ್ಲೈಡ್ ನದಿ ಪಶ್ಚಿಮಕ್ಕೆ ಸಾಗುತ್ತ ಅಗಲವಾಗಿ, ಗ್ರೀನಕ್ ಎಂಬ ಬಂದರು ಪಟ್ಟಣದ ಹತ್ತಿರ ವಿಶಾಲವಾದ ಅಳಿವೆಯಾಗುತ್ತದೆ. ಗ್ರೀನಕ್ ಮತ್ತು ಗೂರಕ್ ದಾಟಿದ ಮೇಲೆ ಕ್ಲಾಕ್ ಎಂಬ ಭೂಶಿರದ ಬಳಿ ತೀರ ತಟ್ಟನೆ ದಕ್ಷಿಣಕ್ಕೆ ತಿರುಗುತ್ತದೆ. ಹೀಗೆ ತಿರುಗಿದ ತೀರದಲ್ಲಿ, ಗುಡ್ಡಕ್ಕೂ ನೀರಿಗೂ ನಡುವೆ ಸಿಕ್ಕ ಕಿರಿದಾದ ನೆಲದಲ್ಲಿ ವೀಮ್ಸ್ ಬೇ ಇದೆ. ಅದರ ಎದುರಿಗೆ, ನೀರಿನ ಆಚೆ, ಬ್ಯೂಟ್ ಎಂಬ ದ್ವೀಪವೂ ಅದರ ಮುಖ್ಯ ಪಟ್ಟಣವಾದ ರಾಥ್ಸಿಯೂ ಇವೆ. ಗ್ಲಾಸ್ಗೋದಿಂದ ಹೊರಟ ಹಡಗು ರಾಥ್ಸಿಗೆ ಹೋಗಬೇಕಾದರೆ ನದಿಯುದ್ದಕ್ಕೂ ಸಾಗಿ, ಭೂಶಿರವನ್ನು ಬಳಸಿ, ಮತ್ತೆ ದಕ್ಷಿಣಕ್ಕೆ ಇಳಿಯಬೇಕು. ರೈಲಿಗೆ ಆ ಕಟ್ಟುಪಾಡಿಲ್ಲ. ಗ್ರೀನಕ್ಕಿನ ಹಿಂದಿನ ಗುಡ್ಡವನ್ನು ಹತ್ತಿ ಇಳಿದರೆ ಅದು ಆ ಮೂಲೆಯನ್ನೇ ತಪ್ಪಿಸಿ ನೇರವಾಗಿ ದ್ವೀಪದ ಎದುರಿಗೆ ಬಂದು ನಿಲ್ಲುತ್ತದೆ. ವೀಮ್ಸ್ ಬೇ ನಿಲ್ದಾಣದ ಇಡೀ ಕಥೆ ಈ ಮೂಲೆಯನ್ನು ಕತ್ತರಿಸುವ ಆಸೆಯಿಂದ ಆರಂಭವಾಗುತ್ತದೆ.

ಆ ಆಸೆಯ ಹಿಂದೆ ದೊಡ್ಡ ಜನಸಮೂಹವಿತ್ತು. 1812ರಲ್ಲಿ ಹೆನ್ರಿ ಬೆಲ್ ಎಂಬವರು ‘ಕಾಮೆಟ್’ ಎಂಬ ಸಣ್ಣ ಉಗಿಹಡಗನ್ನು ಗ್ಲಾಸ್ಗೋ, ಗ್ರೀನಕ್ ಮತ್ತು ಹೆಲೆನ್ಸ್‌ಬರೋ ನಡುವೆ ಓಡಿಸತೊಡಗಿದರು. ಯುರೋಪಿನಲ್ಲಿ ವ್ಯಾಪಾರದ ದೃಷ್ಟಿಯಿಂದ ಯಶಸ್ವಿಯಾದ ಮೊದಲ ಉಗಿಹಡಗು ಸೇವೆ ಅದು. ಅಲ್ಲಿಂದ ಮುಂದೆ ಕೆಲವೇ ದಶಕಗಳಲ್ಲಿ ಕ್ಲೈಡ್ ತೀರದ ಮೀನುಗಾರರ ಊರುಗಳು ನಗರವಾಸಿಗಳ ಬೇಸಗೆಯ ಬಿಡಾರಗಳಾಗಿ ಬದಲಾದವು. ಹತ್ತಿ ಗಿರಣಿ, ಕಬ್ಬಿಣದ ಕುಲುಮೆ ಮತ್ತು ಹಡಗುಕಟ್ಟೆಗಳ ಹೊಗೆಯಲ್ಲಿ ವರ್ಷವಿಡೀ ದುಡಿದ ಗ್ಲಾಸ್ಗೋ ಜನ ಜುಲೈ ತಿಂಗಳ ಎರಡನೆಯ ಭಾಗದಲ್ಲಿ ಬರುವ ‘ಗ್ಲಾಸ್ಗೋ ಫೇರ್’ ರಜೆಯಲ್ಲಿ ಕಡಲ ಗಾಳಿಗೆ ಹಾತೊರೆಯುತ್ತಿದ್ದರು. ಹೀಗೆ ಹೊಳೆಯ ಕೆಳದಿಕ್ಕಿಗೆ ಹೋಗುವುದಕ್ಕೆ ಅವರ ಆಡುಮಾತಿನಲ್ಲಿ ‘ಡೂನ್ ದ ವಾಟರ್’ ಎಂಬ ಹೆಸರೇ ಹುಟ್ಟಿಕೊಂಡಿತು. ಅನುಕೂಲಸ್ಥರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತೀರದ ಉದ್ದಕ್ಕೂ ಬಂಗಲೆಗಳನ್ನು ಕಟ್ಟಿಸಿದರು. ಬೇಸಗೆಯಲ್ಲಿ ಹೆಂಡತಿ ಮಕ್ಕಳು ಅಲ್ಲಿ ಇರುತ್ತಿದ್ದರು, ಮನೆಯ ಯಜಮಾನ ಬೆಳಿಗ್ಗೆ ನಗರಕ್ಕೆ ಹೋಗಿ ಸಂಜೆ ಮರಳುತ್ತಿದ್ದ. ವರ್ಷಕ್ಕೊಮ್ಮೆ ಬರುವವನಿಗೆ ಅರ್ಧ ಗಂಟೆ ತಡವಾದರೆ ನಡೆಯುತ್ತದೆ. ದಿನವೂ ಓಡಾಡುವವನಿಗೆ ಮಾತ್ರ ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನಿಮಿಷಗಳ ಈ ಲೆಕ್ಕವೇ ಮುಂದೆ ರೈಲು ಕಂಪನಿಗಳ ನಡುವಿನ ಪೈಪೋಟಿಯನ್ನು ನಡೆಸಿತು.

ಗ್ಲಾಸ್ಗೋದಿಂದ ಗ್ರೀನಕ್ಕಿಗೆ ರೈಲು ಬಂದದ್ದು 1841ರಲ್ಲಿ. ಕೊಳಚೆ ತುಂಬಿ ನಾರುತ್ತಿದ್ದ ಮೇಲಿನ ನದಿಯ ನಿಧಾನ ಪ್ರಯಾಣವನ್ನು ಬಿಟ್ಟು, ರೈಲಿನಲ್ಲಿ ಗ್ರೀನಕ್ ತಲುಪಿ, ಅಲ್ಲಿಂದ ಹಡಗು ಹಿಡಿಯುವ ರೂಢಿ ಆಗ ಶುರುವಾಯಿತು. ಇದರಲ್ಲಿ ಒಂದು ತೊಡಕಿತ್ತು. ಗ್ರೀನಕ್ಕಿನ ನಿಲ್ದಾಣ ಊರೊಳಗಿತ್ತು, ಹಡಗು ನಿಲ್ಲುವ ಧಕ್ಕೆ ನೀರಿನ ಅಂಚಿನಲ್ಲಿತ್ತು, ಇವೆರಡರ ನಡುವೆ ಕೊಳಕಾದ ಇಕ್ಕಟ್ಟಿನ ಓಣಿಗಳಿದ್ದವು. ಪೆಟ್ಟಿಗೆ ಹೊತ್ತುಕೊಂಡು, ಮಕ್ಕಳ ಕೈ ಹಿಡಿದುಕೊಂಡು, ಸ್ಕಾಟ್ಲೆಂಡಿನ ಮಳೆಯಲ್ಲಿ ನೆನೆಯುತ್ತ ಆ ದಾರಿ ಸವೆಸಬೇಕಿತ್ತು. 1869ರಲ್ಲಿ ಪ್ರತಿಸ್ಪರ್ಧಿ ಕಂಪನಿಯಾದ ಗ್ಲಾಸ್ಗೋ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಯ ಗಾಡಿಗಳು ಗ್ರೀನಕ್ಕಿನಲ್ಲೇ ನೀರಿನ ಪಕ್ಕದ ಮತ್ತೊಂದು ನಿಲ್ದಾಣಕ್ಕೆ ಬರತೊಡಗಿದವು. ಮುಂದೆ ಪ್ರಿನ್ಸೆಸ್ ಪಿಯರ್ ಎಂದು ಹೆಸರಾದ ಆ ನಿಲ್ದಾಣದಲ್ಲಿ ರೈಲಿನಿಂದ ಇಳಿದವರು ನೇರವಾಗಿ ಹಡಗಿಗೆ ಹೋಗಬಹುದಿತ್ತು. ಸಹಜವಾಗಿಯೇ ಪ್ರಯಾಣಿಕರು ಅತ್ತ ಹೊರಳಿದರು. ರೈಲು ಎಷ್ಟು ವೇಗವಾಗಿ ಓಡುತ್ತದೆ ಎಂಬುದಕ್ಕಿಂತ ಇಳಿದ ಮೇಲೆ ಎಷ್ಟು ದೂರ ನಡೆಯಬೇಕು ಎಂಬುದು ಜನರ ಆಯ್ಕೆಯನ್ನು ನಿರ್ಧರಿಸುತ್ತದೆ ಎನ್ನುವುದು ಕ್ಲೈಡ್ ತೀರದ ರೈಲು ಕಂಪನಿಗಳಿಗೆಲ್ಲ ಆಗ ಮನದಟ್ಟಾಯಿತು.

ವೀಮ್ಸ್ ಬೇ ಮಾರ್ಗ ಇದಕ್ಕೂ ಮೊದಲೇ, 1865ರ ಮೇ 15ರಂದು ತೆರೆದಿತ್ತು. ಗ್ರೀನಕ್ ಅಂಡ್ ವೀಮ್ಸ್ ಬೇ ರೈಲ್ವೆ ಎಂಬ ಸಣ್ಣ ಕಂಪನಿ 1862ರಲ್ಲಿ ಸಂಸತ್ತಿನ ಅನುಮತಿ ಪಡೆದು ಪೋರ್ಟ್ ಗ್ಲಾಸ್ಗೋದಿಂದ ಕವಲೊಡೆಯುವ ಈ ಒಂಟಿ ಹಳಿಯನ್ನು ಹಾಕಿಸಿತು. ಗಾಡಿಗಳನ್ನು ಓಡಿಸುವ ಹೊಣೆಯನ್ನು ಕ್ಯಾಲೆಡೋನಿಯನ್ ರೈಲ್ವೆ ಎಂಬ ದೊಡ್ಡ ಕಂಪನಿ ಹೊತ್ತುಕೊಂಡಿತು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು. ಗ್ರೀನಕ್ಕಿನಿಂದ ಭೂಶಿರ ಬಳಸಿ ಬರುವ ಹಡಗಿಗಿಂತ ವೀಮ್ಸ್ ಬೇಯಿಂದ ನೇರವಾಗಿ ದಾಟುವ ಹಡಗು ರಾಥ್ಸಿಯನ್ನು ಬೇಗ ತಲುಪಲೇಬೇಕು. ಆದರೆ ಮೊದಲ ವರ್ಷಗಳ ಅನುಭವ ಬೇರೆಯೇ ಆಗಿತ್ತು. ಮಾರ್ಗ ಗ್ರೀನಕ್ಕಿನ ಹಿಂಬದಿಯ ಗುಡ್ಡವನ್ನು ಕಡಿದಾದ ಏರಿನಲ್ಲಿ ಹತ್ತಬೇಕಿತ್ತು. ಒಂಟಿ ಹಳಿಯಾದ್ದರಿಂದ ಎದುರು ಬರುವ ಗಾಡಿಗಾಗಿ ಕಾಯಬೇಕಿತ್ತು. ಒಂದು ಗಾಡಿ ತಡವಾದರೆ ಅದಕ್ಕಾಗಿ ಹಡಗು ಕಾಯುತ್ತಿತ್ತು, ಹಡಗು ತಡವಾದರೆ ಮರಳುವ ಗಾಡಿ ಕಾಯುತ್ತಿತ್ತು. ಹೀಗೆ ಬೆಳಗಿನ ಒಂದು ವಿಳಂಬ ಸಂಜೆಯವರೆಗೂ ಸರಪಳಿಯಂತೆ ಮುಂದುವರಿಯುತ್ತಿತ್ತು. ರೈಲಿಗೆ ಜೊತೆಯಾಗಿ ಹಡಗು ನಡೆಸಲೆಂದು ಹುಟ್ಟಿದ ವೀಮ್ಸ್ ಬೇ ಸ್ಟೀಮ್‌ಬೋಟ್ ಕಂಪನಿ 1869ರಲ್ಲಿ ದಿವಾಳಿಯಾಯಿತು. ನಂತರ ಗಿಲ್ಲೀಸ್ ಮತ್ತು ಕ್ಯಾಂಪ್‌ಬೆಲ್ ಎಂಬ ಖಾಸಗಿ ಹಡಗು ಮಾಲೀಕರು ಇಪ್ಪತ್ತು ವರ್ಷಗಳ ಕಾಲ ಈ ಸೇವೆಯನ್ನು ಹೇಗೋ ನಡೆಸಿಕೊಂಡು ಹೋದರು.

ರೈಲೊಬ್ಬರದು, ಹಡಗೊಬ್ಬರದು ಎಂಬ ಏರ್ಪಾಡಿನಲ್ಲಿ ಏನು ತೊಂದರೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಯಾಣಿಕನ ಪಾಲಿಗೆ ಗ್ಲಾಸ್ಗೋದಿಂದ ರಾಥ್ಸಿಯವರೆಗಿನದು ಒಂದೇ ಪ್ರಯಾಣ. ರೈಲು ಕಂಪನಿಗೆ ಮಾತ್ರ ಅದು ಧಕ್ಕೆಯಲ್ಲಿ ಮುಗಿಯುತ್ತದೆ, ಹಡಗಿನವನಿಗೆ ಧಕ್ಕೆಯಲ್ಲಿ ಆರಂಭವಾಗುತ್ತದೆ. ವಿಳಂಬವಾದಾಗ ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಬಹುದು. ಹೊಸ ಹಡಗು ಕಟ್ಟಿಸಲು ಮಾಲೀಕನಿಗೆ ಹಣ ಸಾಲದಿದ್ದರೆ ರೈಲ್ವೆಯ ಗಿರಾಕಿ ಕೈಬಿಟ್ಟು ಹೋಗುತ್ತಾನೆ. ರೈಲ್ವೆಯೇ ಹಡಗು ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ಆದರೆ ಕ್ಯಾಲೆಡೋನಿಯನ್ ಕಂಪನಿಗೆ ಸಂಸತ್ತು ಆ ಅಧಿಕಾರವನ್ನು ಕೊಡಲಿಲ್ಲ. ಆದ್ದರಿಂದ ಕಂಪನಿ 1889ರಲ್ಲಿ ಕ್ಯಾಲೆಡೋನಿಯನ್ ಸ್ಟೀಮ್ ಪ್ಯಾಕೆಟ್ ಎಂಬ ಬೇರೊಂದು ಸಂಸ್ಥೆಯನ್ನು ಹುಟ್ಟುಹಾಕಿ ಅದರ ಹೆಸರಿನಲ್ಲಿ ಹಡಗುಗಳನ್ನು ಓಡಿಸತೊಡಗಿತು. ಅದೇ ವರ್ಷ ತನ್ನ ಗ್ರೀನಕ್ ಮಾರ್ಗವನ್ನು ಗೂರಕ್‌ವರೆಗೆ ವಿಸ್ತರಿಸಿ, ಧಕ್ಕೆಯ ಮೇಲೆಯೇ ನಿಲ್ದಾಣ ಕಟ್ಟಿತು. 1890ರಲ್ಲಿ ಗಿಲ್ಲೀಸ್ ಮತ್ತು ಕ್ಯಾಂಪ್‌ಬೆಲ್ ವೀಮ್ಸ್ ಬೇಯಿಂದ ಹಿಂದೆ ಸರಿದಾಗ ಆ ಸೇವೆಯೂ ಸ್ಟೀಮ್ ಪ್ಯಾಕೆಟ್ ಸಂಸ್ಥೆಯ ಕೈಗೆ ಬಂತು. 1893ರಲ್ಲಿ ಸಣ್ಣ ರೈಲು ಕಂಪನಿಯೇ ಕ್ಯಾಲೆಡೋನಿಯನ್‌ನಲ್ಲಿ ವಿಲೀನವಾಯಿತು. ಹಳಿ, ನಿಲ್ದಾಣ, ಧಕ್ಕೆ ಮತ್ತು ಹಡಗು ಎಲ್ಲವೂ ಒಂದೇ ಆಡಳಿತಕ್ಕೆ ಬಂದದ್ದು ಆಗಲೇ.

ಇಷ್ಟರಲ್ಲಿ ಅಳಿವೆಯ ಸುತ್ತಲೂ ಪೈಪೋಟಿ ಕಾವೇರಿತ್ತು. ಉತ್ತರದ ದಡದಲ್ಲಿ ನಾರ್ತ್ ಬ್ರಿಟಿಷ್ ರೈಲ್ವೆ ಕ್ರೇಗೆಂಡೋರನ್‌ನಲ್ಲಿ, ದಕ್ಷಿಣದಲ್ಲಿ ಸೌತ್ ವೆಸ್ಟರ್ನ್ ಕಂಪನಿ ಪ್ರಿನ್ಸೆಸ್ ಪಿಯರ್ ಮತ್ತು ಫೇರ್ಲಿಯಲ್ಲಿ, ಕ್ಯಾಲೆಡೋನಿಯನ್ ಗೂರಕ್, ವೀಮ್ಸ್ ಬೇ ಮತ್ತು ಆರ್ಡ್ರಾಸನ್‌ನಲ್ಲಿ ಜನರನ್ನು ರೈಲಿನಿಂದ ಹಡಗಿಗೆ ದಾಟಿಸುತ್ತಿದ್ದವು. ಸಂಜೆ ಗ್ಲಾಸ್ಗೋದ ಬೇರೆ ಬೇರೆ ನಿಲ್ದಾಣಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಟ ಪ್ರಯಾಣಿಕರು ಬೇರೆ ಬೇರೆ ಹಡಗುಗಳಲ್ಲಿ ಒಂದೇ ರಾಥ್ಸಿಯ ಕಡೆಗೆ ಧಾವಿಸುತ್ತಿದ್ದರು. ಅಂದಿನ ಒಳ್ಳೆಯ ಹಡಗುಗಳು ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ ಓಡುತ್ತಿದ್ದವು. ಅದನ್ನು ಇನ್ನೊಂದಿಷ್ಟು ಹೆಚ್ಚಿಸಬೇಕಾದರೆ ಕಲ್ಲಿದ್ದಲನ್ನು ಸುರಿಯಬೇಕು. ರೈಲಿನ ವೇಗಕ್ಕೂ ಏರು, ತಿರುವುಗಳ ಮಿತಿ ಇತ್ತು. ಹೆಚ್ಚು ಖರ್ಚಿಲ್ಲದೆ ದಿನವೂ ಸಮಯ ಉಳಿಸಬಹುದಾದ ಜಾಗ ರೈಲಿಗೂ ಹಡಗಿಗೂ ನಡುವಿನ ಆ ನೂರಿನ್ನೂರು ಹೆಜ್ಜೆಗಳಲ್ಲಿ ಮಾತ್ರ ಉಳಿದಿತ್ತು.

1903ರಲ್ಲಿ ವೀಮ್ಸ್ ಬೇ ನಿಲ್ದಾಣವನ್ನು ಹೊಸದಾಗಿ ಕಟ್ಟಿದ್ದು ಈ ಹಿನ್ನೆಲೆಯಲ್ಲಿ. ಹಳೆಯ ನಿಲ್ದಾಣ ಜನದಟ್ಟಣೆಗೆ ಸಾಲದಾಗಿತ್ತು, ಒಂಟಿ ಹಳಿಯೂ ಸಾಲದಾಗಿತ್ತು. ಅದೇ ಕಾಲಕ್ಕೆ ಮಾರ್ಗದ ಹಲವು ಭಾಗಗಳಿಗೆ ಎರಡನೆಯ ಹಳಿ ಬಂತು. ನಿಲ್ದಾಣದ ಹಿಂದೆ ಇಬ್ಬರ ಕೈ ಇತ್ತು. ಒಬ್ಬರು ಕ್ಯಾಲೆಡೋನಿಯನ್ ರೈಲ್ವೆಯ ಮುಖ್ಯ ಎಂಜಿನಿಯರ್ ಡೊನಾಲ್ಡ್ ಮ್ಯಾಥಿಸನ್, ಇನ್ನೊಬ್ಬರು ವಾಸ್ತುಶಿಲ್ಪಿ ಜೇಮ್ಸ್ ಮಿಲ್ಲರ್. ಇದೇ ಜೋಡಿ ಅದೇ ವರ್ಷಗಳಲ್ಲಿ ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದ ವಿಸ್ತರಣೆಯನ್ನೂ ನಡೆಸುತ್ತಿತ್ತು. ಜನರ ಗುಂಪು ಹರಿಯುವ ನೀರಿನಂತೆ ಹರಡಿಕೊಳ್ಳುತ್ತದೆ, ಅಡ್ಡಿ ಕಡಿಮೆ ಇರುವ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬುದು ಮ್ಯಾಥಿಸನ್ ಅವರ ತಿಳಿವಳಿಕೆಯಾಗಿತ್ತು. ಹೊಳೆಯ ನಡುವೆ ಚೌಕದ ಕಲ್ಲು ನಿಲ್ಲಿಸಿದರೆ ಅದರ ಮೂಲೆಗಳಲ್ಲಿ ಸುಳಿ ಏಳುತ್ತದೆ. ಅದೇ ಉರುಟು ಕಲ್ಲಾದರೆ ನೀರು ಎರಡೂ ಬದಿ ನುಣುಪಾಗಿ ಜಾರಿಹೋಗುತ್ತದೆ. ಗ್ಲಾಸ್ಗೋ ಸೆಂಟ್ರಲ್‌ನಲ್ಲಿ ಇಂದಿಗೂ ಕಾಣುವ ದುಂಡುಮೂಲೆಯ ಮರದ ಕಟ್ಟಡಗಳು ಈ ತಿಳಿವಳಿಕೆಯ ಫಲ. ಆದರೆ ನಗರದ ಆ ದೊಡ್ಡ ನಿಲ್ದಾಣದಲ್ಲಿ ಜನ ಹತ್ತು ದಿಕ್ಕಿಗೆ ಹೋಗುತ್ತಾರೆ. ವೀಮ್ಸ್ ಬೇಯಲ್ಲಿ ಹೆಚ್ಚಿನವರು ಹೋಗುವುದು ಒಂದೇ ಕಡೆಗೆ. ಹಾಗಾಗಿ ಅದೇ ವಿಚಾರ ಇಲ್ಲಿ ಹೆಚ್ಚು ಶುದ್ಧವಾದ ರೂಪದಲ್ಲಿ ಸಿದ್ಧಿಸಿದೆ ಎಂದು ನನ್ನ ಭಾವನೆ.

ಈಗ ಆ ದಾರಿಯಲ್ಲಿ ನಿಧಾನವಾಗಿ ನಡೆದು ನೋಡೋಣ. ಹಳಿ ತೀರಕ್ಕೆ ಹೊಂದಿಕೊಂಡು ಬರುತ್ತದೆ, ಧಕ್ಕೆಯಾದರೋ ತೀರದಿಂದ ನೀರಿನೊಳಕ್ಕೆ ಚಾಚಿಕೊಂಡಿದೆ. ಅಂದರೆ ರೈಲಿನಿಂದ ಇಳಿದವರ ಗುಂಪು ಹಡಗು ಹತ್ತುವ ಮೊದಲು ಎಲ್ಲೋ ಒಂದು ಕಡೆ ದಿಕ್ಕು ಬದಲಿಸಿ ನೀರಿನ ಕಡೆ ತಿರುಗಲೇಬೇಕು. ಸಾಮಾನ್ಯ ಕಟ್ಟಡವಾಗಿದ್ದರೆ ಆ ತಿರುವು ಒಂದು ಬಾಗಿಲಿನಲ್ಲೋ ಓಣಿಯ ಮೂಲೆಯಲ್ಲೋ ಆಗುತ್ತಿತ್ತು. ಅಲ್ಲಿ ಮುಂದಿದ್ದವರು ದಾರಿ ಹುಡುಕುತ್ತ ನಿಂತು, ಹಿಂದಿದ್ದವರು ಅವರ ಮೇಲೆ ಬಿದ್ದು, ನೂಕುನುಗ್ಗಲಾಗುತ್ತಿತ್ತು. ಮಿಲ್ಲರ್ ಮತ್ತು ಮ್ಯಾಥಿಸನ್ ಆ ತಿರುವನ್ನು ಒಂದೇ ಜಾಗದಲ್ಲಿ ಕೊಡದೆ ಇಡೀ ನಿಲ್ದಾಣದ ಉದ್ದಕ್ಕೂ ಹಂಚಿಬಿಟ್ಟರು. ಪ್ಲಾಟ್‌ಫಾರಂ ಬಾಗಿರುವುದರಿಂದ ನಡೆಯುವವನು ತನಗೇ ತಿಳಿಯದಂತೆ ತುಸು ತಿರುಗಿರುತ್ತಾನೆ. ಹಜಾರಕ್ಕೆ ಬಂದಾಗ ಟಿಕೆಟ್ ಕೋಣೆಯ ದುಂಡು ಗೋಡೆ ಅವನನ್ನು ಇನ್ನಷ್ಟು ತಿರುಗಿಸುತ್ತದೆ. ಅಲ್ಲಿಂದ ಇಳಿಜಾರು ಹಾದಿಯ ಬಾಗು ಉಳಿದದ್ದನ್ನು ಪೂರೈಸುತ್ತದೆ. ದಾರಿಯುದ್ದಕ್ಕೂ ಕಾಲು ತಡೆಯುವ ಮೆಟ್ಟಿಲು ಎದುರಾಗುವುದಿಲ್ಲ, ಎಡಕ್ಕೋ ಬಲಕ್ಕೋ ಎಂದು ಯೋಚಿಸಬೇಕಾದ ಕವಲು ಇಲ್ಲ, ಹಡಗು ಎಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಅಪರಿಚಿತ ಊರಿಗೆ ಮೊದಲ ಸಲ ಬಂದವನೂ ಮುಂದಿನವನ ಬೆನ್ನು ಹಿಡಿದು ನಡೆದರೆ ಧಕ್ಕೆ ತಲುಪುತ್ತಾನೆ.

ಇಳಿಜಾರು ಹಾದಿ ಈ ನಿಲ್ದಾಣದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ನಿಲ್ದಾಣದ ನೆಲ ಧಕ್ಕೆಗಿಂತ ಎತ್ತರದಲ್ಲಿದೆ. ಆ ವ್ಯತ್ಯಾಸವನ್ನು ಮೆಟ್ಟಿಲುಗಳಿಂದ ಸರಿದೂಗಿಸಿದ್ದರೆ ಮುದುಕರಿಗೂ, ಕೈಗಾಡಿಯಲ್ಲಿ ಮಗುವನ್ನು ತಳ್ಳುವ ತಾಯಂದಿರಿಗೂ, ಪೆಟ್ಟಿಗೆಗಳ ಗಾಡಿ ತಳ್ಳುವ ಹಮಾಲಿಗಳಿಗೂ ಅದು ದೊಡ್ಡ ತಡೆಯಾಗುತ್ತಿತ್ತು. ಬದಲಿಗೆ ಒಂದು ಬೀದಿಯಷ್ಟು ಅಗಲವಾದ ಹಾದಿ ನಯವಾಗಿ ಇಳಿಯುತ್ತದೆ. ಎರಡೂ ಬದಿಗೆ ಉದ್ದಕ್ಕೂ ಕಿಟಕಿಗಳಿವೆ, ಮೇಲೆ ಗಾಜಿನ ಚಾವಣಿ ಇದೆ, ಮಳೆ ಗಾಳಿಗಳ ಭಯವಿಲ್ಲ. ಹಾದಿ ಬಾಗಿರುವುದರಿಂದ ಅದರ ಕೊನೆ ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ಒಂದೊಂದೇ ಹೆಜ್ಜೆ ಇಳಿದಂತೆ ಮುಂದಿನ ಕಂಬ, ಮುಂದಿನ ಕಿಟಕಿ ಎದುರಾಗುತ್ತ ಹೋಗಿ, ಕೊನೆಗೆ ಬೆಳಕಿನ ಜೊತೆಗೆ ಉಪ್ಪಿನ ವಾಸನೆ ಮುಖಕ್ಕೆ ಬಡಿಯುತ್ತದೆ. ಅಗಲಕ್ಕೆ ಇನ್ನೂ ಒಂದು ಕಾರಣವಿದೆ. ಹಡಗಿನಿಂದ ಇಳಿದವರು ಹತ್ತುತ್ತಿರುವಾಗಲೇ ರೈಲಿನಿಂದ ಬಂದವರು ಇಳಿಯುತ್ತಿರುತ್ತಾರೆ. ಎರಡು ಪ್ರವಾಹಗಳು ಪರಸ್ಪರ ಡಿಕ್ಕಿಯಾಗದೆ ಸಾಗಬೇಕಾದರೆ ಅಷ್ಟು ಜಾಗ ಬೇಕೇ ಬೇಕು.

ಹಜಾರದ ಚಾವಣಿಯ ರಚನೆಯೂ ಇದೇ ತರ್ಕವನ್ನು ಅನುಸರಿಸಿದೆ. ನಡುವಿನ ದುಂಡು ಟಿಕೆಟ್ ಕೋಣೆಯನ್ನು ಹಿಡಿಕೆಯಾಗಿ ಭಾವಿಸಿದರೆ, ಅದರ ಸುತ್ತಲಿನಿಂದ ಉಕ್ಕಿನ ತೊಲೆಗಳು ಛತ್ರಿಯ ಕಡ್ಡಿಗಳಂತೆ ಹೊರಕ್ಕೆ ಚಿಮ್ಮಿವೆ. ಭಾರವೆಲ್ಲ ನಡುವಿನ ಕಂಬಗಳ ಮೇಲೂ ಅಂಚಿನ ಕಟ್ಟಡಗಳ ಮೇಲೂ ಕೂರುವುದರಿಂದ ಜನ ನಡೆಯುವ ಜಾಗ ತೆರವಾಗಿ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಕ್ಕು ಅಗ್ಗವಾಗಿದ್ದುದು, ಅದೂ ಕ್ಲೈಡ್ ಕಣಿವೆಯಲ್ಲೇ ಹೇರಳವಾಗಿ ತಯಾರಾಗುತ್ತಿದ್ದುದು ಇಂತಹ ರಚನೆಯನ್ನು ಸಾಧ್ಯವಾಗಿಸಿತು. ಎರಕದ ಕಬ್ಬಿಣ ಭಾರವನ್ನು ಹೊರಬಲ್ಲದು, ಆದರೆ ಎಳೆತಕ್ಕೆ ಬಿರುಕು ಬಿಡುತ್ತದೆ. ಉಕ್ಕು ಎರಡನ್ನೂ ತಾಳುತ್ತದೆ. ಆದ್ದರಿಂದಲೇ ತೊಲೆಗಳು ಅಷ್ಟು ತೆಳ್ಳಗಿರಲು, ಅವುಗಳ ನಡುವೆ ಅಷ್ಟೊಂದು ಗಾಜು ಕೂರಲು ಸಾಧ್ಯವಾಯಿತು. ಟಿಕೆಟ್ ಕೋಣೆ ದುಂಡಗಿರುವುದರ ಲಾಭವೂ ಸರಳವೇ. ಕಿಂಡಿಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡುವುದರಿಂದ ಅವುಗಳ ಮುಂದಿನ ಸಾಲುಗಳು ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಹೊರಗಿನಿಂದ ನೋಡಿದರೆ ಇದೇ ಕಟ್ಟಡವೇ ಎಂಬ ಅನುಮಾನ ಬರುವಷ್ಟು ನೋಟ ಬೇರೆಯಾಗಿದೆ. ಕೆಂಪು ಮರಳುಗಲ್ಲಿನ ತಳ, ಗಾರೆ ಬಳಿದ ಗೋಡೆ, ಮರದ ಚೌಕಟ್ಟು ಕಾಣುವ ತ್ರಿಕೋನ ಮುಖಗಳು, ಪಕ್ಕದಲ್ಲಿ ಒಂದು ಗಡಿಯಾರ ಗೋಪುರ ಎಲ್ಲ ಸೇರಿ ಹಳ್ಳಿಗಾಡಿನ ದೊಡ್ಡ ಬಂಗಲೆಯಂತೆ ತೋರುತ್ತದೆ. ತೀರದ ಬಂಗಲೆಗಳ ನಡುವೆ ಹೊಂದಿಕೊಳ್ಳುವಂತೆ ಹೊರಮುಖವನ್ನು ರೂಪಿಸಿ, ಹೊಸ ಕಾಲದ ಉಕ್ಕು ಮತ್ತು ಗಾಜನ್ನು ಒಳಗೆ ಇರಿಸಿದ್ದಾರೆ. ಗೋಪುರದ ಗಡಿಯಾರ ಮಾತ್ರ ಒಳಗಿನ ಕೆಲಸಕ್ಕೆ ಸೇರಿದ್ದು. ಹಡಗಿನಲ್ಲಿರುವವರಿಗೂ ರಸ್ತೆಯಲ್ಲಿ ಬರುವವರಿಗೂ ಹೊರಡಲು ಇನ್ನೆಷ್ಟು ಹೊತ್ತಿದೆ ಎಂಬುದನ್ನು ಅದು ಹೇಳುತ್ತದೆ.

ನಿಲ್ದಾಣ ತೆರೆದ ಹತ್ತು ವರ್ಷಗಳಲ್ಲೇ ಅದನ್ನು ಹುಟ್ಟಿಸಿದ ಪೈಪೋಟಿ ತಣ್ಣಗಾಗಿ, ಖರ್ಚು ತಾಳಲಾರದ ಕಂಪನಿಗಳು ಪರಸ್ಪರ ಹೊಂದಾಣಿಕೆಗೆ ಬಂದವು. ಜನದಟ್ಟಣೆ ಮಾತ್ರ ಕಡಿಮೆಯಾಗಲಿಲ್ಲ. 1917ರಲ್ಲಿ ಕ್ಯಾಲೆಡೋನಿಯನ್ ರೈಲ್ವೆಯ ವಿಲಿಯಂ ಪಿಕರ್ಸ್‌ಗಿಲ್ ವಿನ್ಯಾಸ ಮಾಡಿದ 12 ಬಲಿಷ್ಠ ಎಂಜಿನ್‌ಗಳು ಈ ಭಾಗದ ಮಾರ್ಗಗಳಿಗೆ ಬಂದವು. ಭಾರತದ ರೈಲುಗಳಿಗೂ ಬಹಳಷ್ಟು ಎಂಜಿನ್ ಕಟ್ಟಿಕೊಟ್ಟ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಲೋಕೊಮೋಟಿವ್ ಕಂಪನಿ ಇವುಗಳನ್ನು ತಯಾರಿಸಿತ್ತು. ನೀರು ಮತ್ತು ಕಲ್ಲಿದ್ದಲನ್ನು ಹಿಂದಿನ ಬೇರೆ ಗಾಡಿಯಲ್ಲಿ ಎಳೆಯದೆ ತಮ್ಮ ಮೈಮೇಲೆಯೇ ಹೊತ್ತ ಈ ಎಂಜಿನ್‌ಗಳು ಹಿಂದಕ್ಕೂ ಮುಂದಕ್ಕೂ ಒಂದೇ ರೀತಿ ಓಡಬಲ್ಲವಾದ್ದರಿಂದ, ಹಳಿ ಮುಗಿಯುವ ನಿಲ್ದಾಣದಲ್ಲಿ ಅವನ್ನು ತಿರುಗಿಸುವ ಸಮಯ ಉಳಿಯುತ್ತಿತ್ತು. ರೈಲ್ವೆಯವರು ಅವನ್ನು ‘ವೀಮ್ಸ್ ಬೇ ಪಗ್’ ಎಂದು ಕರೆದರು. ಸ್ಕಾಟ್ಲೆಂಡಿನಲ್ಲಿ ಪಗ್ ಎಂದರೆ ಸಣ್ಣ ಎಂಜಿನ್. ದೈತ್ಯಾಕಾರದ ಈ ಯಂತ್ರಗಳಿಗೆ ಆ ಹೆಸರು ಪ್ರೀತಿಯಿಂದ ಅಂಟಿಕೊಂಡಿತು.

ಎರಡನೆಯ ಮಹಾಯುದ್ಧದಲ್ಲಿ ಊರಿನ ಭೌಗೋಳಿಕ ಸ್ಥಾನ ಮತ್ತೊಮ್ಮೆ ಮುಖ್ಯವಾಯಿತು. ಶತ್ರುಗಳ ಜಲಾಂತರ್ಗಾಮಿಗಳು ಒಳಗೆ ನುಸುಳದಂತೆ ಕ್ಲಾಕ್ ಭೂಶಿರದಿಂದ ಎದುರು ದಡದ ಡನೂನ್‌ವರೆಗೆ ನೀರಿಗೆ ಅಡ್ಡಲಾಗಿ ತಡೆಬಲೆಯನ್ನು ಹಾಕಲಾಯಿತು. ಗ್ರೀನಕ್ ಮತ್ತು ಗೂರಕ್ ಬಲೆಯ ಒಳಗೆ ಸೇರಿದವು, ವೀಮ್ಸ್ ಬೇ ಮತ್ತು ರಾಥ್ಸಿ ಹೊರಗೆ ಉಳಿದವು. ಹೀಗಾಗಿ ಯುದ್ಧಕಾಲದಲ್ಲಿ ಬ್ಯೂಟ್ ದ್ವೀಪದ ಸಂಪರ್ಕ ಈ ನಿಲ್ದಾಣದ ಮೂಲಕವೇ ನಡೆಯಿತು.

ಯುದ್ಧದ ನಂತರ ಎರಡು ಬದಲಾವಣೆಗಳು ಒಂದರ ಹಿಂದೊಂದು ಬಂದವು. ಮೊದಲನೆಯದು ಕಾರು. ಹಳೆಯ ಹಡಗುಗಳಿಗೆ ಜನರು ಹಲಗೆಯ ಮೇಲೆ ನಡೆದು ಹತ್ತುತ್ತಿದ್ದರು. ಕಾರನ್ನು ಹಾಗೆ ಹತ್ತಿಸುವುದು ಸುಲಭವಲ್ಲ, ಏಕೆಂದರೆ ಉಬ್ಬರವಿಳಿತದಿಂದ ಹಡಗಿನ ಮಟ್ಟ ಏರಿಳಿಯುತ್ತದೆ, ಧಕ್ಕೆ ಮಾತ್ರ ಇದ್ದಲ್ಲೇ ಇರುತ್ತದೆ. 1954ರಲ್ಲಿ ಬಂದ ಆರನ್, ಬ್ಯೂಟ್, ಕವಲ್ ಎಂಬ ಮೂರು ಫೆರಿಗಳಲ್ಲಿ ಇದಕ್ಕಾಗಿ ಲಿಫ್ಟ್ ಇತ್ತು. ಧಕ್ಕೆಯ ಮಟ್ಟದಲ್ಲಿ ಕಾರನ್ನು ಪಡೆದು ಅದು ಹಡಗಿನ ಒಡಲಿಗೆ ಇಳಿಸುತ್ತಿತ್ತು. ಈ ವಿಧಾನ ನಿಧಾನವಾದ್ದರಿಂದ 1970ರ ದಶಕದಲ್ಲಿ, ಹಡಗಿನ ತುದಿಗೇ ಬಂದು ಕೂರುವ, ನೀರಿನ ಮಟ್ಟಕ್ಕೆ ತಕ್ಕಂತೆ ಏರಿಳಿಯುವ ಸೇತುವೆ ಬಂತು. ಎರಡನೆಯ ಬದಲಾವಣೆ ವಿಮಾನ. ಸ್ಪೇನಿನ ಬಿಸಿಲಿಗೆ ಅಗ್ಗದ ಪ್ರವಾಸಗಳು ಸಿಗತೊಡಗಿದ ಮೇಲೆ ಗ್ಲಾಸ್ಗೋ ಕುಟುಂಬಗಳು ಮಳೆ ಬರುವ ರಾಥ್ಸಿಯನ್ನು ಕ್ರಮೇಣ ಬಿಟ್ಟವು.

ಇದರ ಹೊಡೆತಕ್ಕೆ ಹಳೆಯ ಪ್ರತಿಸ್ಪರ್ಧಿಗಳು ಒಂದೊಂದಾಗಿ ಬಿದ್ದುಹೋದವು. ಪ್ರಿನ್ಸೆಸ್ ಪಿಯರ್‌ಗೆ ರೈಲು ನಿಂತಿತು, ಫೇರ್ಲಿ ಪಿಯರ್ ನಿಲ್ದಾಣ 1971ರಲ್ಲಿ ಮುಚ್ಚಿತು, ಕ್ರೇಗೆಂಡೋರನ್ ಧಕ್ಕೆ 1972ರಲ್ಲಿ ಕೆಲಸ ನಿಲ್ಲಿಸಿತು. ವೀಮ್ಸ್ ಬೇ ಮಾತ್ರ ಉಳಿಯಿತು. ಸೊಬಗು ಕಟ್ಟಡವನ್ನು ಉಳಿಸಿತು ಎಂದು ಹೇಳಲು ಮನಸ್ಸಾಗುತ್ತದೆ, ಆದರೆ ಆ ದಶಕಗಳಲ್ಲಿ ಅಷ್ಟೇ ಸೊಬಗಿನ ಎಷ್ಟೋ ನಿಲ್ದಾಣಗಳು ಬ್ರಿಟನ್ನಿನಲ್ಲಿ ನೆಲಸಮವಾದವು. ಇಲ್ಲಿ ನಿಜವಾಗಿ ಕೆಲಸ ಮಾಡಿದ್ದು 1865ರ ಆ ಹಳೆಯ ಲೆಕ್ಕ. ಬ್ಯೂಟ್ ದ್ವೀಪದಲ್ಲಿ ವರ್ಷವಿಡೀ ವಾಸಿಸುವ ಜನರಿದ್ದಾರೆ, ಅವರು ಆಸ್ಪತ್ರೆಗೂ ಕೆಲಸಕ್ಕೂ ಮುಖ್ಯಭೂಮಿಗೆ ಬರಬೇಕು, ಅದಕ್ಕೆ ಹತ್ತಿರದ ರೈಲು ವೀಮ್ಸ್ ಬೇಯದೇ. ರಜೆಯವರು ಹೋದರೂ ದ್ವೀಪದವರು ಉಳಿದರು. 1967ರಲ್ಲಿ ಮಾರ್ಗಕ್ಕೆ ವಿದ್ಯುತ್ ತಂತಿ ಬಂದು ನೀಲಿ ಬಣ್ಣದ ವಿದ್ಯುತ್ ರೈಲುಗಳು ಓಡತೊಡಗಿದವು. ದಟ್ಟಣೆ ತಗ್ಗಿದ್ದರಿಂದ ಎರಡನೆಯ ಹಳಿಯನ್ನು ಬಹುಪಾಲು ಕಿತ್ತುಹಾಕಿದರು. ಎದುರು ಗಾಡಿಗಾಗಿ ಕಾಯುವ ಹಳೆಯ ಕಷ್ಟ ಒಂದಿಷ್ಟು ಹಾಗೆಯೇ ಮರಳಿತು.

ಕಡಲಂಚಿನ ಗಾಜು ಮತ್ತು ಉಕ್ಕಿನ ಕಟ್ಟಡವನ್ನು ಕಾಪಾಡುವುದು ಸಣ್ಣ ಕೆಲಸವಲ್ಲ. ಉಪ್ಪುಗಾಳಿ ಉಕ್ಕನ್ನು ತಿನ್ನುತ್ತದೆ. ತುಕ್ಕು ಹಿಡಿದ ಉಕ್ಕು ಉಬ್ಬಿ ಪಕ್ಕದ ಗಾಜನ್ನು ಒಡೆಯುತ್ತದೆ. ಒಡೆದ ಕಡೆ ನೀರು ಸೋರಿ ಮರ ಕೊಳೆಯುತ್ತದೆ. ಒಂದನ್ನು ನಿರ್ಲಕ್ಷಿಸಿದರೆ ಉಳಿದವೂ ಜೊತೆಗೆ ಹೋಗುತ್ತವೆ. ಸ್ಕಾಟ್ಲೆಂಡಿನ ಪಾರಂಪರಿಕ ಕಟ್ಟಡಗಳ ಅತ್ಯುನ್ನತ ವರ್ಗವಾದ ‘ಎ’ ವರ್ಗದಲ್ಲಿ ನಿಲ್ದಾಣ ಸೇರಿದ್ದರೂ, ಆ ಪಟ್ಟಿ ಕೆಡವುವುದನ್ನು ತಡೆಯಬಲ್ಲದೇ ಹೊರತು ತುಕ್ಕನ್ನು ತಡೆಯಲಾರದು. 2009ರಲ್ಲಿ ಸ್ಥಳೀಯರು ಸೇರಿ ‘ಫ್ರೆಂಡ್ಸ್ ಆಫ್ ವೀಮ್ಸ್ ಬೇ ಸ್ಟೇಷನ್’ ಎಂಬ ಗುಂಪನ್ನು ಕಟ್ಟಿಕೊಂಡರು. ಅವರು ನಿಲ್ದಾಣದಲ್ಲೇ ಹಳೆಯ ಪುಸ್ತಕಗಳ ಅಂಗಡಿಯೊಂದನ್ನು ನಡೆಸುತ್ತಾರೆ, ಹೂಕುಂಡಗಳನ್ನು ನೋಡಿಕೊಳ್ಳುತ್ತಾರೆ, ಬಂದವರಿಗೆ ಕಟ್ಟಡದ ಕಥೆ ಹೇಳುತ್ತಾರೆ. 2014ರಿಂದ 2016ರವರೆಗೆ ರೈಲು ಮಾರ್ಗಗಳ ಒಡೆತನದ ನೆಟ್‌ವರ್ಕ್ ರೈಲ್ ಸಂಸ್ಥೆ ಸ್ಕಾಟ್ಲೆಂಡ್ ಸರ್ಕಾರ ಮತ್ತಿತರರ ನೆರವಿನಿಂದ ಹಲವು ದಶಲಕ್ಷ ಪೌಂಡ್ ವೆಚ್ಚದಲ್ಲಿ ದೊಡ್ಡ ದುರಸ್ತಿ ನಡೆಸಿತು. ಸವೆದ ಉಕ್ಕನ್ನು ಬದಲಿಸಿ, ಬಣ್ಣ ಬಳಿದು, ಪ್ಲಾಟ್‌ಫಾರಂ ಸೂರುಗಳಿಗೆ ಮತ್ತೆ ಗಾಜು ಕೂರಿಸಿದರು.

ಇಂದು ಗ್ಲಾಸ್ಗೋ ಸೆಂಟ್ರಲ್‌ನಿಂದ ಹೊರಟ ರೈಲು ಒಂದು ಗಂಟೆಯ ಒಳಗೆ ಇಲ್ಲಿಗೆ ಬರುತ್ತದೆ. ಇಳಿಜಾರು ಹಾದಿಯ ಕೊನೆಯಲ್ಲಿ ಪೋಲೆಂಡಿನಲ್ಲಿ ನಿರ್ಮಾಣವಾಗಿ 2005 ಮತ್ತು 2007ರಲ್ಲಿ ಸೇವೆಗೆ ಬಂದ ‘ಬ್ಯೂಟ್’ ಅಥವಾ ‘ಆರ್ಗೈಲ್’ ಫೆರಿ ಕಾಯುತ್ತಿರುತ್ತದೆ. ಅದು 35 ನಿಮಿಷಗಳಲ್ಲಿ ರಾಥ್ಸಿ ತಲುಪುತ್ತದೆ. ಕಾರುಗಳು ಹೊರಗಿನ ಅಂಗಳದಲ್ಲಿ ಸಾಲುಗಟ್ಟಿ ನಿಂತಿರುತ್ತವೆ, ನಡೆದು ಬರುವವರು ಮಾತ್ರ 1903ರಲ್ಲಿ ಹಾಕಿಕೊಟ್ಟ ದಾರಿಯಲ್ಲೇ ಇಳಿಯುತ್ತಾರೆ. ಪಶ್ಚಿಮದ ಗಾಳಿಗೆ ಮೈಯೊಡ್ಡಿರುವ ಈ ಧಕ್ಕೆಯಲ್ಲಿ ಬಿರುಗಾಳಿಯ ದಿನ ಹಡಗು ಕಟ್ಟಲಾಗುವುದಿಲ್ಲ. ಅಂತಹ ದಿನ ಫೆರಿ ಕ್ಲಾಕ್ ಭೂಶಿರವನ್ನು ಬಳಸಿ ಗೂರಕ್‌ಗೆ ಹೋಗುತ್ತದೆ, ರೈಲು ಮಾರ್ಗ ತಪ್ಪಿಸಲು ಹೊರಟಿದ್ದ ಆ ಮೂಲೆಯನ್ನೇ ರಾಥ್ಸಿಯ ಪ್ರಯಾಣಿಕರು ನೀರಿನ ಮೇಲೆ ಸುತ್ತಿಕೊಂಡು ಹೋಗುತ್ತಾರೆ, ಹಜಾರದ ಗಾಜಿನ ಮೇಲೆ ಮಳೆ ಸುರಿಯುತ್ತಿರುತ್ತದೆ.